ಇಯರ್ ಪ್ಲಗ್ ಹಾಕಿಕೊಳ್ಳುವುದು ಹೀಗೆ

ತುಮಕೂರಿನ ವಸಂತನರಸಾಪುರದಲ್ಲಿ ಶಿಫ್ಟ್ ಬಿಟ್ಟು ಬರುವವರ ಕೊರಳಲ್ಲಿ ದಾರ ಕಟ್ಟಿದ ಇಯರ್ ಪ್ಲಗ್, ಅಂದರೆ ಸದ್ದು ತಡೆಯಲು ಕಿವಿಯೊಳಗೆ ತೂರಿಸುವ ಮೆತ್ತನೆಯ ಫೋಮ್ ಬಿರಡೆ, ನೇತಾಡುತ್ತಿರುತ್ತದೆ. ಯಂತ್ರದ ಮುಂದೆ ಅದು ಕಿವಿಗೆ ಏರುತ್ತದೆ ನಿಜ, ಆದರೆ ಮುಕ್ಕಾಲು ಪಾಲು ಹೊರಗೇ. ಹಾಗೆ ಸಿಕ್ಕಿಸಿಕೊಂಡ ಪ್ಲಗ್ ಸೂಪರ್‌ವೈಸರ್ ಬೈಗುಳವನ್ನು ತಪ್ಪಿಸುತ್ತದೆಯೇ ಹೊರತು ಸದ್ದನ್ನಲ್ಲ.

ಮೊದಲು ಕೈ ತೊಳೆಯಿರಿ. ಗ್ರೀಸ್ ಕೈಯಲ್ಲಿ ಪ್ಲಗ್ ಮುಟ್ಟಲೇಬೇಡಿ.

ಎರಡನೆಯದು ಹೊಸೆಯುವುದು. ದೀಪದ ಬತ್ತಿ ಹೊಸೆಯುವಂತೆ ಎರಡು ಬೆರಳ ನಡುವೆ ಸಣ್ಣಗೆ, ಬಿಗಿಯಾಗಿ ಹೊಸೆಯಿರಿ. ಮಡಚಬಾರದು, ಹಿಸುಕಬಾರದು. ಸುಕ್ಕು ಉಳಿದರೆ ಆ ಸಂದಿಯಿಂದಲೇ ಸದ್ದು ನುಗ್ಗುತ್ತದೆ. ಹಿಸುಕಿ ಬಿಟ್ಟ ಕೂಡಲೇ ಪುಟಿದು ಉಬ್ಬುವ ಅಗ್ಗದ ಪ್ಲಗ್‌ಗಳನ್ನು ಕೊಳ್ಳಬೇಡಿ. ಒಳಗೆ ತಳ್ಳುವಷ್ಟರಲ್ಲೇ ದಪ್ಪವಾಗಿರುತ್ತವೆ.

ಮೂರನೆಯದರಲ್ಲೇ ಎಲ್ಲರೂ ಎಡವುವುದು. ಕಿವಿಯ ನಾಳ ನೆಟ್ಟಗಿಲ್ಲ, ಬಾಗಿದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ನಾಳ ನೇರವಾಗುತ್ತದೆ. ಹೊಸೆದ ಪ್ಲಗ್ ಅನ್ನು ತಕ್ಷಣ ಒಳಗೆ ತಳ್ಳಿ, ಬೆರಳನ್ನು ತೆಗೆಯದೆ 20ರಿಂದ 30 ಸೆಕೆಂಡ್ ಒತ್ತಿ ಹಿಡಿಯಿರಿ. ಈ ಅರ್ಧ ನಿಮಿಷದ ತಾಳ್ಮೆ ಯಾರಿಗೂ ಇಲ್ಲ. ಬೇಗ ಬೆರಳು ತೆಗೆದರೆ ಫೋಮ್ ಉಬ್ಬುತ್ತಾ ಹೊರಗೆ ಜಾರುತ್ತದೆ.

ಸರಿಯಾಗಿ ಕೂತಿದೆಯೇ? ಎರಡೂ ಅಂಗೈಗಳಿಂದ ಕಿವಿ ಮುಚ್ಚಿ. ಸದ್ದು ಇನ್ನಷ್ಟು ಇಳಿದರೆ ಪ್ಲಗ್ ಕೂತಿಲ್ಲ, ತೆಗೆದು ಮತ್ತೆ ಹಾಕಿ. ನಿಮ್ಮ ಮಾತು ನಿಮಗೇ ತಲೆಯೊಳಗೆ ಗುಂಯ್‌ಗುಟ್ಟಿದರೆ ಕೂತಿದೆ ಎಂದೇ ಅರ್ಥ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ಲಾರಿಯ ಹುಡುಗರು ಹತ್ತಿ ತುರುಕಿಕೊಳ್ಳುತ್ತಾರೆ. ಹತ್ತಿ ತಡೆಯುವುದು ಅತ್ಯಲ್ಪ. ಮೊಬೈಲ್ ಇಯರ್‌ಫೋನ್ ಇನ್ನೂ ಕೆಟ್ಟದ್ದು: ಯಂತ್ರದ ಸದ್ದನ್ನು ಮೀರಲು ಹಾಡಿನ ಸದ್ದು ಏರಿಸುತ್ತಾರೆ. ಕೈ ಸದಾ ಕೊಳೆಯಾಗುವ ಕೆಲಸವಾದರೆ ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್ ಮಫ್ ವಾಸಿ, ಆದರೆ ಅದರ ಮೆತ್ತೆಯ ಅಡಿಗೆ ಕನ್ನಡಕದ ಕಡ್ಡಿಯಾಗಲಿ ಟೋಪಿಯ ಅಂಚಾಗಲಿ ಸಿಕ್ಕಬಾರದು.

ಮಾತಾಡಲೆಂದು ನಡುನಡುವೆ ಪ್ಲಗ್ ತೆಗೆಯುವ ಚಾಳಿ ಬಿಡಿ. 8 ಗಂಟೆಯಲ್ಲಿ ಒಟ್ಟು ಅರ್ಧ ಗಂಟೆ ಬರಿಗಿವಿಯಲ್ಲಿದ್ದರೆ 30 ಡೆಸಿಬಲ್ (ಸದ್ದಿನ ಅಳತೆ) ತಡೆಯುವ ಪ್ಲಗ್‌ನ ಲಾಭ ಸುಮಾರು 12ಕ್ಕೆ ಕುಸಿಯುತ್ತದೆ. ಮಾತಿದ್ದರೆ ಶೆಡ್‌ನಿಂದ ಹೊರಗೆ ಬನ್ನಿ. ಕಾರ್ಖಾನೆ ನಿಯಮಗಳಲ್ಲಿ 90 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ, 95ಕ್ಕೆ 4, 100ಕ್ಕೆ ಬರೀ 2 ಗಂಟೆಯ ಮಿತಿಯಿದೆ. ಮ್ಯಾನೇಜರೇ ಬರಿಗಿವಿಯಲ್ಲಿ ಸುತ್ತು ಹಾಕುವ ಶೆಡ್‌ನಲ್ಲಿ ಇದನ್ನು ಫಲಕದಲ್ಲಿ ಬರೆದು ಪ್ರಯೋಜನವಿಲ್ಲ. ಮೊದಲು ಅವರ ಕಿವಿಗೆ ಹಾಕಿಸಿ.

ತೆಗೆಯುವಾಗ ತಿರುಗಿಸುತ್ತಾ ನಿಧಾನವಾಗಿ ಎಳೆಯಿರಿ. ಫೋಮ್ ಪ್ಲಗ್ ಅನ್ನು ತೊಳೆದು ಮತ್ತೆ ಬಳಸಬೇಡಿ, ಎಸೆಯಿರಿ.