ಪದ್ಮಿನಿಯ ತುಕ್ಕು ಹಿಡಿದ ಟ್ಯಾಂಕ್: ಕೊಯ್ಯಿಸದೆ ಮನೆಯಲ್ಲೇ ತೊಳೆದದ್ದು

ಗಾಡಿ ಮೂರು ನಾಲ್ಕು ಕಿಲೋಮೀಟರ್ ಚೆನ್ನಾಗಿ ಓಡುತ್ತೆ, ಆಮೇಲೆ ಮುಕ್ಕರಿಸಿ ನಿಲ್ಲುತ್ತೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಪ್ರೀಮಿಯರ್ ಪದ್ಮಿನಿ ಕಾರು ಇಟ್ಟುಕೊಂಡವರಿಗೆಲ್ಲ ಈ ಕಾಯಿಲೆ ಗೊತ್ತು. ಕಾರ್ಬುರೇಟರ್ ಕಿಟ್, ಪೆಟ್ರೋಲ್ ಪಂಪ್, ಕಾಯಿಲ್, ಕಂಡೆನ್ಸರ್ ಅಂತ ಒಂದೊಂದಾಗಿ ಬದಲಾಯಿಸಿ ಸುಮಾರು 3,000 ರೂಪಾಯಿ ಕಳೆದ ಮೇಲೆ ತಿಳಿದದ್ದು, ರೋಗ ಟ್ಯಾಂಕಿನಲ್ಲಿದೆ ಅಂತ. ಗಾಡಿ ಓಡುವಾಗ ತುಕ್ಕಿನ ಪುಡಿ ಟ್ಯಾಂಕಿನೊಳಗಿನ ಜಾಲರಿಗೆ ಅಂಟಿಕೊಂಡು ಪೆಟ್ರೋಲ್ ಕಟ್ಟುತ್ತೆ. ನಿಂತಾಗ ಎಳೆತ ತಪ್ಪಿ ಪುಡಿ ಕೆಳಗೆ ಉದುರುತ್ತೆ, ದಾರಿ ಬಿಡುತ್ತೆ.

ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ಟ್ಯಾಂಕ್ ಕೊಯ್ದು, ಒಳಗೆ ಉಜ್ಜಿ, ಮತ್ತೆ ವೆಲ್ಡ್ ಮಾಡಿಸಿ. ಕೂಲಿ 4,500 ರೂಪಾಯಿ ಆಸುಪಾಸು. ಗುಜರಿಯಲ್ಲಿ ಸಿಕ್ಕ ಹಳೇ ಟ್ಯಾಂಕಿಗೆ 3,000 ಹೇಳಿದರು, ಅದರೊಳಗೆ ಟಾರ್ಚ್ ಬಿಟ್ಟು ನೋಡಿದರೆ ನಮ್ಮದಕ್ಕಿಂತ ಕಡೆ. ವಾಷಿಂಗ್ ಸೋಡಾ ನೀರು ತುಂಬಿ, ಅದರಲ್ಲಿ ಕರೆಂಟ್ ಬಿಟ್ಟು ತುಕ್ಕು ತೆಗೆಯೋಣ ಅಂದದ್ದಕ್ಕೆ ಮೆಕ್ಯಾನಿಕ್‌ಗಳು ತಲೆ ಆಡಿಸಿದರು. ಬ್ರೇಕ್ ಡ್ರಮ್ಮಿಗೆ ಸರಿ, ಟ್ಯಾಂಕಿನ ಒಳಮೈಗೆ ಆಗಲ್ಲ ಅಂದರು. ಆಗುತ್ತೆ. ಈಗ ಒಳಗೆ ಬೂದು ಬಣ್ಣದ ಶುದ್ಧ ತಗಡು ಕಾಣುತ್ತಿದೆ.

ಮೊದಲು ಸೋತ ದಾರಿಗಳು. ಜಲ್ಲಿ ಹಾಕಿ ಅಲ್ಲಾಡಿಸಿದ್ದು ದೊಡ್ಡ ತಪ್ಪು: ಪೆಟ್ರೋಲ್ ತುಳುಕದಂತೆ ಒಳಗಿರುವ ತಡೆ ತಗಡಿನ ಹಿಂದೆ ನಾಲ್ಕು ಕಲ್ಲು ಸಿಕ್ಕಿಕೊಂಡು, ಅವನ್ನು ಹೊರತೆಗೆಯುವುದಕ್ಕೇ ಅರ್ಧ ದಿನ ಹೋಯಿತು. ಅಲ್ಲಾಡಿಸಲೇಬೇಕಿದ್ದರೆ ಸಣ್ಣ ಸರಪಳಿ ಹಾಕಿ, ತುದಿ ಹಿಡಿದು ಎಳೆದರೆ ಬರುತ್ತೆ. ಬಚ್ಚಲು ತೊಳೆಯುವ ಆಸಿಡ್ ಇನ್ನೂ ಕೆಟ್ಟದ್ದು. ತುಕ್ಕೇನೋ ಹೋಯಿತು, ಆದರೆ ತೊಳೆದು ಒಣಗುವಷ್ಟರಲ್ಲಿ ಇಡೀ ಒಳಮೈ ಮತ್ತೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಆ ಆಸಿಡ್ ತುಕ್ಕು ಕಬ್ಬಿಣ ಅಂತ ಭೇದ ಮಾಡಲ್ಲ, ಎರಡನ್ನೂ ತಿನ್ನುತ್ತೆ. ತಳದಲ್ಲಿ ಸೂಜಿ ಮೊನೆಯಷ್ಟು ಎರಡು ತೂತು ಬಿದ್ದದ್ದು ಅದರಿಂದಲೇ.

ಈಗ ಕೆಲಸ ಮಾಡಿದ ದಾರಿ. ಟ್ಯಾಂಕ್ ಇಳಿಸಿ, ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟ್ ಬಿಚ್ಚಿ, ಬಟ್ಟೆ ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ಪೆಟ್ರೋಲ್ ವಾಸನೆ ಪೂರ್ತಿ ಹೋಗುವ ತನಕ ಮೂರು ನಾಲ್ಕು ಸಲ ತೊಳೆಯಬೇಕು. ಪೈಪ್ ಬಾಯಿಗೆ ರಬ್ಬರ್ ಬಿರಡೆ. ಟ್ಯಾಂಕಿಗೆ ಹಿಡಿಯುವುದು ಸುಮಾರು 38 ಲೀಟರ್, ಅದಕ್ಕೆ 400 ಗ್ರಾಂ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ. ಉಪ್ಪಂತೂ ಬೇಡವೇ ಬೇಡ, ಕ್ಲೋರಿನ್ ಏಳುತ್ತೆ. ನೀರು ಕಂಠಮಟ್ಟ ತುಂಬಿ, ಮೇಲೆ ಗಾಳಿಗೆ ಜಾಗ ಬಿಡಬೇಡಿ.

ಫ್ಲೋಟ್ ತೂತಿನಿಂದ 12 ಎಂಎಂ ಕಟ್ಟಡದ ಕಂಬಿ ಇಳಿಸಿ. ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದರ ಕ್ರೋಮಿಯಂ ನೀರನ್ನು ವಿಷ ಮಾಡುತ್ತೆ. ಕಂಬಿ ಎಲ್ಲೂ ಟ್ಯಾಂಕಿಗೆ ತಾಗಬಾರದು. ಅದಕ್ಕೇ ಮೈತುಂಬ ತೂತು ಕೊರೆದ ಪಿವಿಸಿ ಪೈಪಿನೊಳಗೆ ಅದನ್ನು ಕೂರಿಸಿದೆ. ಬ್ಯಾಟರಿ ಚಾರ್ಜರಿನ ಪ್ಲಸ್ ಕಂಬಿಗೆ, ಮೈನಸ್ ಟ್ಯಾಂಕಿಗೆ. ಅದಲುಬದಲು ಮಾಡಿದರೆ ಟ್ಯಾಂಕೇ ಕರಗುತ್ತೆ.

ಮೊದಲ ರಾತ್ರಿ ಏನೂ ಆಗಲಿಲ್ಲ. ಹೊಸ ಕಾಲದ ಆಟೋಮ್ಯಾಟಿಕ್ ಚಾರ್ಜರ್‌ಗೆ ಎದುರಿಗೆ ಬ್ಯಾಟರಿ ಕಾಣದಿದ್ದರೆ ಕರೆಂಟೇ ಬಿಡಲ್ಲ. ಟ್ರಾನ್ಸ್‌ಫಾರ್ಮರ್ ಇರುವ ಹಳೇ ಚಾರ್ಜರ್ ಇದ್ದರೆ ಸರಿ, ಇಲ್ಲದಿದ್ದರೆ ಚಾರ್ಜರನ್ನು ಒಂದು ಹಳೇ 12 ವೋಲ್ಟ್ ಬ್ಯಾಟರಿಗೆ ಕೊಟ್ಟು, ಬ್ಯಾಟರಿಯಿಂದ ಟ್ಯಾಂಕಿಗೆ ವೈರ್ ಎಳೆಯಿರಿ. ನಡುವೆ ಫ್ಯೂಸ್ ಇರಲಿ. ನಾನು ಬಿಟ್ಟಿದ್ದೆ, ಪೈಪಿನಿಂದ ಕಂಬಿ ಜಾರಿ ತಳಕ್ಕೆ ತಾಗಿ ವೈರ್ ಸುಟ್ಟಿತು. ಆಮೇಲೆ ಪ್ಲಸ್ ವೈರಿಗೆ ಸರಣಿಯಲ್ಲಿ ಒಂದು ಹೆಡ್‌ಲೈಟ್ ಬಲ್ಬ್ ಸೇರಿಸಿದೆ. ಈ ಬಲ್ಬ್ ಮೀಟರಿಗಿಂತ ಮೇಲು: ಮಂಕಾಗಿ ಉರಿದರೆ ಕೆಲಸ ನಡೆದಿದೆ, ಪೂರ್ತಿ ಉರಿದರೆ ಕಂಬಿ ತಾಗಿದೆ, ಆರಿದರೆ ಕಂಬಿಗೆ ಹಕ್ಕಳೆ ಕಟ್ಟಿದೆ. ನಾಲ್ಕೈದು ಗಂಟೆಗೊಮ್ಮೆ ಕಂಬಿ ತೆಗೆದು ಉಜ್ಜಬೇಕು. ಕರೆಂಟ್ ಪೂರ್ತಿ ಕಡಿದ ಮೇಲೇ ಕ್ಲಿಪ್ ಮುಟ್ಟಿ. ಏಳುವ ಗುಳ್ಳೆ ಹೈಡ್ರೋಜನ್, ಒಂದು ಕಿಡಿ ಸಾಕು. ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ.

ಕರೆಂಟು ಕಂಬಿಗೆ ನೇರ ಎದುರಿಗಿರುವ ಮೈಯನ್ನೇ ಚೆನ್ನಾಗಿ ತೊಳೆಯುತ್ತೆ, ಮೂಲೆ ಹಾಗೇ ಉಳಿಯುತ್ತೆ. "ಆಗಲ್ಲ" ಅಂದವರ ಲೆಕ್ಕ ತಪ್ಪಿದ್ದು ಇಲ್ಲೇ. ಒಂದು ದಿನ ಫ್ಲೋಟ್ ತೂತಿನಿಂದ, ಇನ್ನೊಂದು ದಿನ ಪೆಟ್ರೋಲ್ ಹಾಕುವ ಬಾಯಿಯಿಂದ, ಮೂರನೇ ದಿನ ಬಾಗಿಸಿದ ಕಂಬಿಯಿಂದ ಬಿಟ್ಟೆ. ತಡೆ ತಗಡಿನ ಹಿಂದಕ್ಕೆ ತಲುಪುವಂತೆ ಕಂಬಿ ಬಾಗಿಸುವ ಬಗೆಯನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ, ಎರಡು ಟ್ಯಾಂಕ್ ಹಾಳು ಮಾಡಿ ಕಲಿತದ್ದು ಅದು.

ಕೊನೆಗೆ ಸುರಿದಾಗ ಬಂದದ್ದು ಕಪ್ಪು ಕೆಸರು. ತೊಳೆದು, ಬೇಗ ಮತ್ತೆ ತುಕ್ಕು ಹಿಡಿಯದಿರಲಿ ಅಂತ ನೀರು ಬೆರೆಸಿದ ಫಾಸ್ಫಾರಿಕ್ ಆಸಿಡನ್ನು ಅರ್ಧ ಗಂಟೆ ಒಳಗೆ ಆಡಿಸಿ, ಮತ್ತೆ ತೊಳೆದು, ತಡಮಾಡದೆ ಹೇರ್ ಡ್ರೈಯರ್‌ನಿಂದ ಒಣಗಿಸಿದೆ. ತೂತುಗಳಿಗೆ ಬೆಸುಗೆ ಹಾಕಿದ್ದು ತವರದಿಂದ, ಕಾಯಿಸಿದ ದಪ್ಪ ತಾಮ್ರದ ಕಡ್ಡಿ ಹಿಡಿದು. ತೂತು ಮೇಲೆ ಬರುವಂತೆ ಟ್ಯಾಂಕ್ ತಿರುವಿ, ಅದರಿಂದ ಎರಡು ಇಂಚು ಕೆಳಗಿನ ತನಕ ನೀರು ತುಂಬಿರಬೇಕು. ನೀರು ತೂತಿಗೇ ತಾಗಿದರೆ ತಗಡು ಕಾಯುವುದೇ ಇಲ್ಲ. ಬೆಂಕಿಯ ಜ್ವಾಲೆ ಹತ್ತಿರ ತರಬೇಡಿ. ಆಮೇಲೆ ಒಂದು ಲೀಟರ್ ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸಿ ಒಳಗೆಲ್ಲ ಬಳಿಯುವಂತೆ ಉರುಳಿಸಿದೆ.

ಅದೇ ದಿನಗಳಲ್ಲಿ ಬಾಗಿಲಿನ ಹಿಂಜ್, ವೀಲ್ ರಿಮ್ಮುಗಳನ್ನು ಕಾಕಂಬಿಯಲ್ಲಿ (ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ) ನೆನೆಹಾಕಿದ್ದೆ, ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಹನ್ನೆರಡು ದಿನ ಹಿಡಿಯಿತು, ವಾಸನೆಗೆ ಅಕ್ಕಪಕ್ಕದವರ ಆಕ್ಷೇಪಣೆ ಬಂತು, ಆದರೆ ತುಕ್ಕು ಬೆರಳಿಗೆ ಬಂದು ಹೋಯಿತು. ಅಲ್ಯೂಮಿನಿಯಂ ಭಾಗ ಅದರಲ್ಲಿ ಹಾಕಬೇಡಿ, ತಿಂದುಬಿಡುತ್ತೆ. ಸೋಡಾ ನೀರಿಗೂ ಇದೇ ಮಾತು. ಸ್ಪ್ರಿಂಗ್‌ಗಳನ್ನು ಕರೆಂಟಿಗೆ ಕೊಡಬೇಡಿ, ಹೈಡ್ರೋಜನ್ ಹೀರಿ ಪೆಡಸಾಗಿ ಮುರಿಯುತ್ತವೆ. ಕಾರ್ಬುರೇಟರಿನ ಹಿತ್ತಾಳೆ ಜೆಟ್ಟುಗಳಿಗೆ ಹುಣಸೆ ನೀರು ಹದಿನೈದು ನಿಮಿಷ ಸಾಕು.

ಒಟ್ಟು ಖರ್ಚು 900 ರೂಪಾಯಿ ದಾಟಿಲ್ಲ, ಅದರಲ್ಲಿ ಹೆಚ್ಚಿನದು ಫಾಸ್ಫಾರಿಕ್ ಆಸಿಡ್ ಮತ್ತು ಹೊಸ ಪೆಟ್ರೋಲ್ ಪೈಪಿನದು. ಪೈಪ್ ಬದಲಾಯಿಸುವುದನ್ನು ಉಳಿಸಬೇಡಿ: ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್, ಹಳೇ ರಬ್ಬರ್ ಅದರಲ್ಲಿ ಉಬ್ಬಿ ಮೆತ್ತಗಾಗುತ್ತೆ. ಪಂಪಿನೊಳಗಿನ ತೆಳು ಪೊರೆಗೂ (ಡಯಾಫ್ರಾಮ್) ಅದೇ ಗತಿ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುವುದರಿಂದ ಗಾಡಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಯೇ ನಿಲ್ಲಿಸುತ್ತೇನೆ. ಪಂಪಿಗೆ ಮೊದಲು ಒಂದು ಪಾರದರ್ಶಕ ಫಿಲ್ಟರ್ ಹಾಕಿದ್ದೇನೆ. ಸುಮಾರು 1,200 ಕಿಲೋಮೀಟರ್ ಆಯಿತು, ಅದರ ಕಾಗದ ಇನ್ನೂ ಬೆಳ್ಳಗಿದೆ.