ಎಳನೀರಿನಿಂದ ಶುರುವಾದ ಜಾಲತಾಣದ ಕೆಲಸ

ಹೋದ ವರ್ಷ ಬೇಸಿಗೆಯಲ್ಲಿ ಅರಸೀಕೆರೆ ಕಡೆಯ ಯಜಮಾನರೊಬ್ಬರು ಹಾಸನದ ನಮ್ಮ ಆಸ್ಪತ್ರೆಗೆ ಬಂದಾಗ ಅವರ ರಕ್ತದಲ್ಲಿ ಪೊಟ್ಯಾಸಿಯಂ ಏರಿತ್ತು. ಕಿಡ್ನಿ ಆಗಲೇ ಸೋತಿತ್ತು. ಊಟದ ವಿಚಾರ ಕೇಳುತ್ತಾ ಹೋದೆ. ದಿನಕ್ಕೆ ಎರಡು ಎಳನೀರು, ತಮ್ಮದೇ ತೋಟದ್ದು. “ಯಾರು ಹೇಳಿದರು ಯಜಮಾನರೇ?” ಎಂದರೆ ಮೊಬೈಲ್ ತೆಗೆದು ತೋರಿಸಿದರು. ನಮ್ಮ ಆಹಾರತಜ್ಞರ ಸಂಘದ ಜಾಲತಾಣ! ‘ಬೇಸಿಗೆಯಲ್ಲಿ ದಿನವೂ ಎಳನೀರು ಕುಡಿಯಿರಿ’ ಎಂಬ ಆ ಬರಹದ ಕೆಳಗೆ ಹೆಸರಿರಲಿಲ್ಲ. ಬರೆದವಳು ನಾನೇ.

ಆರೋಗ್ಯವಂತರಿಗೆ ಆ ಮಾತು ತಪ್ಪಲ್ಲ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಸೋತ ಕಿಡ್ನಿ ಅದನ್ನು ಹೊರಹಾಕಲಾರದೆ ಹೃದಯದ ಬಡಿತವೇ ಏರುಪೇರಾಗಬಹುದು. ಈ ಒಂದು ಸಾಲನ್ನು ಬರೆಯದೆ ಬಿಟ್ಟಿದ್ದೆ. ಮುಂದಿನ ಸಭೆಯಲ್ಲಿ ಅದನ್ನು ಒಪ್ಪಿಕೊಂಡೆ. ಒಪ್ಪಿಕೊಂಡವರಿಗೇ ಕೆಲಸ ಹಚ್ಚುವುದು ಸಂಘಗಳ ಸಂಪ್ರದಾಯ. ಜಾಲತಾಣವನ್ನು ಹೊಸದಾಗಿ ಕಟ್ಟುವ ಹೊಣೆ ನನ್ನ ತಲೆಗೆ ಬಂತು.

ಹಳೆಯ ಮುಖಪುಟ ತೆರೆದು ಕೂತೆ. ಅಧ್ಯಕ್ಷರ ಭಾವಚಿತ್ರ, ಪದಾಧಿಕಾರಿಗಳ ಪಟ್ಟಿ, ಸನ್ಮಾನದ ಫೋಟೋಗಳು, ವಾರ್ಷಿಕ ಶುಲ್ಕದ ಸುತ್ತೋಲೆ. ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ ‘ಸಾರ್ವಜನಿಕರಿಗೆ’. ಆಹಾರ ಕೇಳಿಕೊಂಡು ಬಂದವರಿಗೆ ಮೊದಲು ನಮ್ಮ ಹಾರ, ಶಾಲು ತೋರಿಸುತ್ತಿದ್ದೆವು.

ವಿನ್ಯಾಸ ಮಾಡುವ ಹುಡುಗ ಮೊದಲು ಬಣ್ಣ ಯಾವುದೆಂದು ಕೇಳಿದ. ಬಣ್ಣ ಆಮೇಲೆ ನೋಡೋಣ ಎಂದು ಅವನನ್ನು ಹೊರರೋಗಿಗಳ ವಿಭಾಗಕ್ಕೆ ಕರೆದುಕೊಂಡು ಹೋದೆ. ಚೀಟಿ ಹಿಡಿದು ಕೂತವರ ಕೈಗೆ ಮೊಬೈಲ್ ಕೊಟ್ಟು, ನಿಮಗೆ ಬೇಕಾದ್ದನ್ನು ಹುಡುಕಿ ಎಂದೆವು. ಎರಡು ಬೆಳಿಗ್ಗೆ ಅಷ್ಟೇ. ಯಾರೂ ‘ಮಧುಮೇಹ’ ಎನ್ನಲಿಲ್ಲ, ‘ರಕ್ತಹೀನತೆ’ ಎನ್ನಲಿಲ್ಲ. ‘ಶುಗರ್‌ಗೆ ಮುದ್ದೆ ತಿನ್ನಬಹುದಾ’, ‘ರಕ್ತ ಕಮ್ಮಿ’, ‘ಬಾಣಂತಿಗೆ ಏನು ಕೊಡಬೇಕು’ ಎನ್ನುವುದೇ ಅವರ ಮಾತು. ಎಷ್ಟೋ ಜನ ಟೈಪ್ ಮಾಡದೆ ಮೈಕ್ ಒತ್ತಿ ಕೇಳಿದರು. ಹೊಸ ಮುಖಪುಟದ ಶೀರ್ಷಿಕೆಗಳೆಲ್ಲ ಆ ಬೆಂಚಿನ ಮೇಲೆ ಸಿಕ್ಕವು. ಶುದ್ಧ ಪದ ಬೇಕೆನ್ನುವವರಿಗಾಗಿ ಅದನ್ನು ಒಳಗಿನ ಮೊದಲ ಸಾಲಿನಲ್ಲಿಟ್ಟೆವು.

ಮುದ್ದೆಯ ಪುಟವೇ ತಿಂಗಳು ಹಿಡಿಯಿತು. ‘ಒಂದು ಮುದ್ದೆ’ ಎಂದು ಬರೆದರೆ ಸಾಲದು. ಯಾರ ಮನೆಯ ಮುದ್ದೆ? ಹದಿನಾಲ್ಕು ಜನ ಸದಸ್ಯರು ತಮ್ಮ ಮನೆಯದನ್ನು ತೂಗಿ ಕಳುಹಿಸಿದರು: ಚಿಕ್ಕದು 200 ಗ್ರಾಂ, ದೊಡ್ಡದು 450. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 364 ಮಿಲಿಗ್ರಾಂ. ಅದನ್ನು ಎಲ್ಲರೂ ಹೇಳುತ್ತಾರೆ. ಪಿಷ್ಟ, ಸಕ್ಕರೆ ಸೇರಿ ಸುಮಾರು 67 ಗ್ರಾಂ ಇದೆ ಎನ್ನುವುದನ್ನು ಯಾರೂ ಹೇಳುವುದಿಲ್ಲ. ಶುಗರ್ ಬಂತೆಂದು ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ ಉಣ್ಣುವವರು ನಮ್ಮಲ್ಲಿ ಕಡಿಮೆಯಿಲ್ಲ. ಕೊನೆಗೆ ಅಡುಗೆಮನೆಯ ನಿಂಬೆಹಣ್ಣನ್ನೂ ಮೂರು ಅಳತೆಯ ಮುದ್ದೆಗಳನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆದು ಹಾಕಿದೆವು. ಜೊತೆಗೆ ಬಸ್ಸಾರಿನ ಸೊಪ್ಪು, ಕಾಳು ಎಷ್ಟಿರಬೇಕೆಂದೂ ತೋರಿಸಿದೆವು.

ಇನ್ನು ಅಕ್ಷರದ ಗೋಳು. ಹತ್ತು ವರ್ಷದ ಕರಪತ್ರಗಳೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿಗೆ ಮಾತ್ರ ಅರ್ಥವಿಲ್ಲದ ಗುರುತುಗಳ ಸಾಲು. ಗೂಗಲ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಯುನಿಕೋಡ್ ಎಂಬ ಅಕ್ಷರ ಸಂಕೇತಕ್ಕೆ ಪರಿವರ್ತಿಸಿದಾಗ ‘ಗರ್ಭಿಣಿ’ ‘ಗಭಿರ್ಣಿ’ಯಾಗಿ ಬಂದಳು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಇರುತ್ತಿತ್ತು, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಅದು ಓದುವವರಿಗೆ ಹೇಗೋ ತಿಳಿಯುತ್ತದೆ. ಆದರೆ ‘½ ಚಮಚ ಉಪ್ಪು’ ಎಂಬುದು ‘ಳಿ ಚಮಚ ಉಪ್ಪು’ ಆಗಿದ್ದನ್ನು ನೋಡಿ ಎದೆ ಧಸಕ್ಕೆಂದಿತು. ಆ ಗುರುತಿನ ಜಾಗದಲ್ಲೇ ಹಳೆಯ ಫಾಂಟಿನ ‘ಳಿ’ ಕೂತಿರುತ್ತದೆಯಂತೆ. ಅಂದಿನಿಂದ ಭಿನ್ನರಾಶಿ ಬಿಟ್ಟೆವು. ‘ಅರ್ಧ’, ‘ಕಾಲು’ ಎಂದು ಅಕ್ಷರದಲ್ಲೇ ಬರೆಯುತ್ತೇವೆ. ಪ್ರತಿ ಅಳತೆಯನ್ನೂ ಇಬ್ಬರು ಕೂತು, ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಮೂಲದೊಂದಿಗೆ ತಾಳೆ ನೋಡಿದೆವು.

ಸದಸ್ಯರ ಭಾಗ ಸುಲಭ. ಶುಲ್ಕ, ರಸೀದಿ, ತರಬೇತಿಯ ಪ್ರಮಾಣಪತ್ರ ಎಲ್ಲ ಪಾಸ್‌ವರ್ಡ್‌ನ ಒಳಗೆ ಹೋದವು. ಮೊದಲು ಎಲ್ಲರ ಮೊಬೈಲ್ ಸಂಖ್ಯೆ ಬಯಲಲ್ಲಿತ್ತು, ಪ್ರೋಟೀನ್ ಪುಡಿ ಮಾರುವವರ ಕರೆಗೆ ಕೊನೆಯಿರಲಿಲ್ಲ. ಈಗ ಹೊರಗಿನವರಿಗೆ ಕಾಣುವುದು ಹೆಸರು, ಊರು, ಓದು, ಕೆಲಸ ಮಾಡುವ ಜಾಗ. ಅದೂ ಒಪ್ಪಿಗೆ ಕೊಟ್ಟವರದ್ದು ಮಾತ್ರ.

ಮೂಡಿಗೆರೆ ಕಡೆಯ ಸದಸ್ಯೆಯೊಬ್ಬರು ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ನಿಂತು ಜಾಲತಾಣ ತೆರೆದು ನೋಡಿ, “ಮುದ್ದೆಯ ಚಿತ್ರ ಬರುವಷ್ಟರಲ್ಲಿ ನನ್ನ ಕಾಫಿ ಆರಿತು” ಎಂದು ಬರೆದರು. ಫೋಟೋಗಳನ್ನು ಕುಗ್ಗಿಸಿದೆವು. ಗೋಡೆಗೆ ಅಂಟಿಸುವಂಥ ಒಂದೊಂದು ಹಾಳೆಯ ಪ್ರತಿಯನ್ನೂ ಸೇರಿಸಿದೆವು, ಆಶಾ ಕಾರ್ಯಕರ್ತೆಯರು ಮುದ್ರಿಸಿಕೊಳ್ಳಲಿ ಎಂದು.

ಅಧ್ಯಕ್ಷರು ತಮ್ಮ ಭಾವಚಿತ್ರ ಎಲ್ಲಿ ಹೋಯಿತೆಂದು ಎರಡು ಸಲ ಕೇಳಿದರು. ‘ಸಂಘದ ಬಗ್ಗೆ’ ಎಂಬ ಪುಟದಲ್ಲಿದೆ ಸರ್ ಎಂದೆ.

ಈಗ ಪ್ರತಿ ಪುಟದ ಕೆಳಗೂ ಬರೆದವರ ಹೆಸರಿದೆ, ಕೊನೆಯ ಸಲ ಪರಿಶೀಲಿಸಿದ ದಿನಾಂಕವಿದೆ. ಆರು ತಿಂಗಳು ದಾಟಿದರೆ ದಿನಾಂಕ ಕೆಂಪಾಗುತ್ತದೆ. ಈ ವಾರ ನಾಲ್ಕು ಪುಟ ಕೆಂಪಾಗಿವೆ. ಎಳನೀರಿನದು ಅವುಗಳಲ್ಲೊಂದು, ಭಾನುವಾರ ಕೂರುತ್ತೇನೆ.