ಹಿರಿಯರ ಮರೆವು: ಡಿಮೆನ್ಷಿಯಾವೋ, ಮೆದುಳಿನ ಗಡ್ಡೆಯೋ?

ಅರವತ್ತಕ್ಕೆ ಅರಳುಮರಳು ಎಂದು ಹಿರಿಯರ ಮರೆವನ್ನು ತಳ್ಳಿಹಾಕುವ ಮೊದಲು, ಅದು ಡಿಮೆನ್ಷಿಯಾವೋ (ನೆನಪು, ಯೋಚನಾಶಕ್ತಿ ಕುಂದುತ್ತ ಹೋಗುವ ಸ್ಥಿತಿ), ಮೆದುಳಿನ ಗಡ್ಡೆಯೋ ಎಂದು ತಿಳಿಯಲು ನೆರವಾಗುವಂತೆ, ಯಾವಾಗ ಶುರುವಾಯಿತು, ಎಷ್ಟು ಬೇಗ ಹೆಚ್ಚಿತು ಎಂಬುದನ್ನು ಮನೆಯವರು ಬರೆದಿಡಬೇಕು. ತಾರೀಖು ನೆನಪಿಲ್ಲದಿದ್ದರೆ ಹಬ್ಬ-ಜಾತ್ರೆಗಳನ್ನೇ ಗುರುತಾಗಿಟ್ಟುಕೊಳ್ಳಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ತಾವೇ ಚೌಕಾಸಿ ಮಾಡಿ ಸಾಮಾನು ಕೊಂಡಿದ್ದ ಅಜ್ಜಿ ಕಾರಹುಣ್ಣಿಮೆಯ ಹೊತ್ತಿಗೆ ನೋಟು ಎಣಿಸಲು ತಡವರಿಸುತ್ತಿದ್ದರೆ, ನಡುವೆ ಕಳೆದದ್ದು ಐದಾರು ತಿಂಗಳಷ್ಟೇ. ಡಿಮೆನ್ಷಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಅಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಇಷ್ಟು ಅವಸರದಿಂದ ಬೆಳೆಯುವುದಿಲ್ಲ. ಅದಕ್ಕೆ ವರ್ಷಗಳು ಹಿಡಿಯುತ್ತವೆ, ಹಾಗಾಗಿ ಗಡ್ಡೆಯಂಥ ಬೇರೆ ಕಾರಣವನ್ನೂ ಯೋಚಿಸಬೇಕು.

ಎರಡನೆಯದಾಗಿ, ದೇಹದ ಒಂದು ಬದಿಯನ್ನು ಗಮನಿಸಿ. ಒಂದೇ ಕಾಲಿನ ಚಪ್ಪಲಿ ಜಾರಿಹೋದದ್ದು ತಿಳಿಯದೆ ನಡೆಯುವುದು, ತಟ್ಟೆಯ ಎಡಭಾಗದ ರೊಟ್ಟಿ-ಪಲ್ಯ ಹಾಗೆಯೇ ಉಳಿಯುವುದು, ಹೊಸದಾಗಿ ಫಿಟ್ಸ್ ಬರುವುದು, ಬೆಳಗಿನ ಜಾವ ತಲೆನೋವು ಹೆಚ್ಚಾಗಿ ವಾಂತಿಯಾಗುವುದು ಗಡ್ಡೆಯ ಸಂಶಯಕ್ಕೆ ಕಾರಣವಾಗುತ್ತವೆ. ಪಾರ್ಶ್ವವಾಯುವಿನಲ್ಲಿಯೂ ಇವುಗಳಲ್ಲಿ ಕೆಲವು ಕಾಣಿಸಿಕೊಳ್ಳಬಹುದು, ಆದರೆ ಅದು ಥಟ್ಟನೆ ಬರುತ್ತದೆ. ತಲೆನೋವಿಲ್ಲವೆಂದು ನಿಶ್ಚಿಂತರಾಗುವುದು ಸರಿಯಲ್ಲ: ವಯಸ್ಸಾದಂತೆ ಮೆದುಳು ಕುಗ್ಗಿ ತಲೆಬುರುಡೆಯೊಳಗೆ ಜಾಗ ಹೆಚ್ಚುವುದರಿಂದ, ಗಡ್ಡೆ ಸಾಕಷ್ಟು ಬೆಳೆಯುವವರೆಗೂ ನೋವು ಕಾಣದಿರಬಹುದು.

ಡಿಮೆನ್ಷಿಯಾ, ಗಡ್ಡೆ ಎರಡೂ ಒಂದರಂತೆಯೇ ತೋರುವುದು ಹೆಚ್ಚಾಗಿ ಹಣೆಯ ಹಿಂದಿನ ಭಾಗದಲ್ಲಿ ಗಡ್ಡೆಯಿದ್ದಾಗ. ಮೆದುಳಿನ ಪೊರೆಯಿಂದ ಹುಟ್ಟುವ ಮೆನಿಂಜಿಯೋಮಾ ಅಲ್ಲಿ ನಿಧಾನವಾಗಿ ಬೆಳೆದರೆ, ಮಾತು ಕಡಿಮೆಯಾಗಿ, ಯಾವುದರಲ್ಲೂ ಆಸಕ್ತಿ ಉಳಿಯದೆ, ನಾಚಿಕೆಯೇ ಇಲ್ಲದಂತೆ ವರ್ತನೆ ಬದಲಾಗುತ್ತದೆ. ಮೆದುಳಿನ ಮುಂಭಾಗ ಮತ್ತು ಪಕ್ಕದ ಭಾಗಗಳು ಸವೆಯುವ ಫ್ರಂಟೊಟೆಂಪೊರಲ್ ಡಿಮೆನ್ಷಿಯಾದಲ್ಲಿಯೂ ಇದೇ ಚಿತ್ರ. ಇಂಥ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಶಸ್ತ್ರಚಿಕಿತ್ಸೆಯಿಂದ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಆದ್ದರಿಂದಲೇ ಸ್ಕ್ಯಾನ್ ಇಲ್ಲದೆ ಡಿಮೆನ್ಷಿಯಾ ಎಂದು ತೀರ್ಮಾನಿಸುವುದನ್ನು ಒಪ್ಪಿಕೊಳ್ಳಬೇಡಿ.

ಬಾಗಲಕೋಟೆ, ವಿಜಯಪುರ ಅಥವಾ ಬೆಳಗಾವಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದಾಗ ಎಂಆರ್‌ಐ ಸ್ಕ್ಯಾನ್ ಬಗ್ಗೆ ಕೇಳಿ. ಪೇಸ್‌ಮೇಕರ್ ಇದ್ದರೆ, ಕಿಡ್ನಿ ತೊಂದರೆಯಿದ್ದರೆ ಮೊದಲೇ ತಿಳಿಸಿ. ವಿಟಮಿನ್ ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆಯೂ ಆಗಲಿ, ಏಕೆಂದರೆ ಅವುಗಳ ಕೊರತೆಯೂ ಮರೆವು ತರುತ್ತದೆ. ಕೆಲವು ವಾರಗಳ ಹಿಂದೆ ಬಿದ್ದಿದ್ದರೆ, ಪೆಟ್ಟು ಸಣ್ಣದಾಗಿದ್ದರೂ ಹೇಳಿ. ತಲೆಯೊಳಗೆ ನಿಧಾನವಾಗಿ ರಕ್ತ ಸೇರಿಕೊಂಡಿರಬಹುದು. ವೈದ್ಯರ ಮುಂದೆ ಮಾತನಾಡಲು ದೂರದೂರಿನಿಂದ ಬಂದ ಮಗನಿಗಿಂತ ದಿನವೂ ಜೊತೆಗಿರುವ ಸೊಸೆಯೇ ಸೂಕ್ತ. ಫಿಟ್ಸ್ ಬಂದರೆ, ಅಥವಾ ವಾಂತಿಯೊಂದಿಗೆ ಎಚ್ಚರ ಮಂಕಾದರೆ, ಯಾವ ಪಟ್ಟಿಯನ್ನೂ ಬರೆಯುತ್ತ ಕೂರದೆ ಆ ಕ್ಷಣವೇ 108ಕ್ಕೆ ಕರೆ ಮಾಡಿ.